ಸ್ನೋ ಬ್ರದರ್ಸ್ ಮಾಡಿದ ಕಂಪನಿ ಏಕೆ ಮುಚ್ಚಿಹೋಯಿತು?

ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಬರೆಯತೊಡಗಿದ ಮೇಲೆ ನನಗೆ ಅತಿ ಹೆಚ್ಚು ಬಾರಿ ಎದುರಾಗಿರುವ ಪ್ರಶ್ನೆ ಇದು. ಮಾತು ಸಾಮಾನ್ಯವಾಗಿ ಸ್ನೋ ಬ್ರದರ್ಸ್‌ನಿಂದ ಶುರುವಾಗುತ್ತದೆ. ಬಸ್ ನಿಲ್ದಾಣದ ಪಕ್ಕದ ವಿಡಿಯೋ ಗೇಮ್ ಅಂಗಡಿಯಲ್ಲಿ ರೂಪಾಯಿ ನಾಣ್ಯ ಹಾಕಿ ಆಡಿದವರಿರಲಿ, ಆಮೇಲೆ ಸೈಬರ್ ಕೆಫೆಯಲ್ಲಿ ಅಥವಾ ಮನೆಯ ಕಂಪ್ಯೂಟರಿನಲ್ಲಿ ಹಳೆಯ ಆಟದ ಯಂತ್ರಗಳನ್ನು ಅನುಕರಿಸುವ ಮೇಮ್ ಎಂಬ ತಂತ್ರಾಂಶ ಹಾಕಿಕೊಂಡು ಆಡಿದವರಿರಲಿ, ನೀಲಿ ಬಟ್ಟೆಯ ನಿಕ್ ಮತ್ತು ಕೆಂಪು ಬಟ್ಟೆಯ ಟಾಮ್ ಎಂಬ ಆ ಎರಡು ಹಿಮದ ಬೊಂಬೆಗಳನ್ನು ಮರೆತವರನ್ನು ನಾನು ಕಂಡಿಲ್ಲ. ಆ ಆಟವನ್ನು ಮಾಡಿದ್ದು ಟೋಆಪ್ಲಾನ್ ಎಂಬ ಜಪಾನಿನ ಪುಟ್ಟ ಕಂಪನಿ, ಅದು ಕೇವಲ ಹತ್ತು ವರ್ಷ ನಡೆದು 1994ರಲ್ಲಿ ದಿವಾಳಿಯಾಯಿತು ಎಂದಾಗ ಎಲ್ಲರೂ ಕೇಳುವುದು ಒಂದೇ: ಇಷ್ಟು ಒಳ್ಳೆಯ ಆಟ ಮಾಡಿದವರು ಮುಳುಗಿದ್ದಾದರೂ ಹೇಗೆ?

ಕೇಳುವವರು ಬಹಳ ಮಟ್ಟಿಗೆ ಉತ್ತರವನ್ನೂ ತಾವೇ ಊಹಿಸಿಕೊಂಡಿರುತ್ತಾರೆ. ಕೊನೆಕೊನೆಗೆ ಅವರ ಆಟಗಳು ಕೆಟ್ಟವೇನೋ ಎಂದು ಕೆಲವರು ಹೇಳುತ್ತಾರೆ. ಮನೆಯ ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳು ಬಂದು, ನಾಣ್ಯ ಹಾಕಿ ಆಡುವ ಅಂಗಡಿಗಳಾದ ಆರ್ಕೇಡ್‌ಗಳನ್ನು ನುಂಗಿರಬೇಕು ಎನ್ನುತ್ತಾರೆ ಇನ್ನು ಕೆಲವರು. ಮೊದಲನೆಯದು ನಿಜವಲ್ಲ, ಏಕೆಂದರೆ ಅವರ ಕೊನೆಯ ಶೂಟಿಂಗ್ ಆಟ, ಅಂದರೆ ವಿಮಾನ ನಡೆಸುತ್ತ ಶತ್ರುಗಳಿಗೆ ಗುಂಡು ಹೊಡೆಯುವ ಬಗೆಯ ಆಟ, ಅವರ ಅತ್ಯುತ್ತಮ ಆಟಗಳಲ್ಲಿ ಒಂದು. ಎರಡನೆಯದು ಆ ಕಾಲಕ್ಕೆ ಹೊಂದುವುದಿಲ್ಲ, ಏಕೆಂದರೆ 1990ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಆರ್ಕೇಡ್‌ಗಳು ಕಿಕ್ಕಿರಿದು ತುಂಬಿದ್ದವು. ನಾನು ಬಹಳ ಕಾಲ ಈ ಆಟಗಳನ್ನು ಆಡಿ, ಅವುಗಳ ಹಿಂದಿನ ಲೆಕ್ಕಾಚಾರವನ್ನು ಅರ್ಥಮಾಡಿಕೊಳ್ಳಲು ಯತ್ನಿಸಿ ಕಂಡುಕೊಂಡದ್ದು ಬೇರೆ: ಟೋಆಪ್ಲಾನ್ ಯಾವ ಗುಣದಿಂದ ಬೆಳೆಯಿತೋ ಅದೇ ಗುಣ ಅದರ ವ್ಯಾಪಾರಕ್ಕೆ ಮುಳುವಾಯಿತು. ಆಡುವವನು ಕಲಿಯಲಿ, ಕಲಿತವನು ಒಂದೇ ನಾಣ್ಯದಲ್ಲಿ ಬಹುದೂರ ಹೋಗಲಿ ಎಂಬ ಉದಾರವಾದ ಒಪ್ಪಂದವೊಂದು ಅವರ ಪ್ರತಿಯೊಂದು ಆಟದಲ್ಲೂ ಇತ್ತು. ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಆ ಒಪ್ಪಂದ ಕ್ರಮೇಣ ಒಗ್ಗದಾಯಿತು.

ಮೊದಲಿನಿಂದ ಹೇಳುತ್ತೇನೆ. ಟೋಕಿಯೊದಲ್ಲಿ ಓರ್ಕಾ ಎಂಬ ಆರ್ಕೇಡ್ ಆಟಗಳ ಕಂಪನಿ ಇತ್ತು. ಅದು ಮುಚ್ಚಿದ ಮೇಲೆ ಅಲ್ಲಿದ್ದವರಲ್ಲಿ ಕೆಲವರು ಕ್ರಕ್ಸ್ ಎಂಬ ಹೆಸರಿನಲ್ಲಿ ಒಟ್ಟಾಗಿ, ಗೈರೋಡೈನ್ ಎಂಬ ಹೆಲಿಕಾಪ್ಟರ್ ಆಟ ಮಾಡಿದರು. ಕ್ರಕ್ಸ್ ಕೂಡ ಉಳಿಯಲಿಲ್ಲ. ಎರಡು ಸಲ ಕೆಲಸದ ಮನೆ ಕಳೆದುಕೊಂಡ ಈ ಗುಂಪಿನವರೇ 1984ರಲ್ಲಿ ಟೋಆಪ್ಲಾನ್‌ಗೆ ತಳಪಾಯ ಹಾಕಿದರು. 'ಟೋಆ' ಎಂದರೆ ಪೂರ್ವ ಏಷ್ಯಾ. 'ಪ್ಲಾನ್' ನಮಗೆಲ್ಲ ಗೊತ್ತಿರುವ ಯೋಜನೆಯೇ. ಮಸಾಹಿರೊ ಯುಗೆ ಮತ್ತು ತತ್ಸುಯಾ ಉಏಮುರಾ ಎಂಬ ಇಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಇಬ್ಬರೂ ಪ್ರೋಗ್ರಾಂ ಬರೆಯುತ್ತಿದ್ದರು, ಆಟದ ವಿನ್ಯಾಸ ಮಾಡುತ್ತಿದ್ದರು, ಅದರ ಸಂಗೀತವನ್ನೂ ತಾವೇ ರಚಿಸುತ್ತಿದ್ದರು. ಇಂದು ಮೂರು ಬೇರೆ ಬೇರೆ ವಿಭಾಗಗಳು ಮಾಡುವ ಕೆಲಸವನ್ನು ಒಬ್ಬನೇ ಮೇಜಿನ ಮುಂದೆ ಕುಳಿತು ಮಾಡಿದ್ದರಿಂದಲೋ ಏನೋ, ಆ ಆಟಗಳಲ್ಲಿ ಶತ್ರು ವಿಮಾನ ಇಳಿಯುವ ಲಯಕ್ಕೂ ಹಿನ್ನೆಲೆಯ ಸಂಗೀತದ ಲಯಕ್ಕೂ ಒಂದು ಬಂಧ ಇದೆಯೆಂದು ನನಗೆ ಯಾವಾಗಲೂ ಅನ್ನಿಸಿದೆ.

ಆ ಸಂಗೀತದ ಬಗ್ಗೆ ಇನ್ನೊಂದು ಮಾತು. ಅವರ ಹೆಸರಾಂತ ಆಟಗಳಲ್ಲಿ ಹೆಚ್ಚಿನವು, ಸ್ನೋ ಬ್ರದರ್ಸ್ ಕೂಡ ಸೇರಿ, ಯಮಾಹಾ ಕಂಪನಿಯ ವೈಎಂ3812 ಎಂಬ ಧ್ವನಿ ಚಿಪ್ ಬಳಸುತ್ತಿದ್ದವು. ಒಂಬತ್ತು ಸ್ವರಗಳನ್ನು ಏಕಕಾಲಕ್ಕೆ ನುಡಿಸಬಲ್ಲ, ಆ ಕಾಲದ ಇತರ ಆರ್ಕೇಡ್ ಚಿಪ್‌ಗಳ ಮುಂದೆ ಅಗ್ಗದ್ದೂ ಒರಟಾದದ್ದೂ ಆದ ಚಿಪ್ ಅದು. ಪಿಸಿಗಳಿಗೆ ಸಂಗೀತ ಕಲಿಸಿದ ಮೊದಮೊದಲ ಧ್ವನಿ ಕಾರ್ಡ್‌ಗಳಲ್ಲಿ ಒಂದಾದ ಆಡ್‌ಲಿಬ್‌ನಲ್ಲೂ ಮೊದಲ ಸೌಂಡ್ ಬ್ಲಾಸ್ಟರ್ ಕಾರ್ಡ್‌ನಲ್ಲೂ ಇದ್ದದ್ದು ಇದೇ ಚಿಪ್. ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದ ಕಂಪ್ಯೂಟರ್ ಆಟಗಳ ಧ್ವನಿ ಯಾರ ಕಿವಿಯಲ್ಲಿ ಉಳಿದಿದೆಯೋ ಅವರಿಗೆ ಟೋಆಪ್ಲಾನ್ ಆಟಗಳ ಸಂಗೀತ ಮೊದಲ ಸಲ ಕೇಳಿದರೂ ಪರಿಚಿತವೆನಿಸುವುದು ಇದೇ ಕಾರಣಕ್ಕೆ.

1985ರಲ್ಲಿ ಅವರ ಮೊದಲ ಆಟ ಪರ್ಫಾರ್‌ಮನ್ ಡೇಟಾ ಈಸ್ಟ್ ಕಂಪನಿಯ ಮೂಲಕ ಹೊರಬಂತು. ಅದನ್ನು ಇಂದು ನೆನೆಯುವವರು ಕಡಿಮೆ. ಅದೇ ವರ್ಷ ಟೈಟೊ ಕಂಪನಿ ಹಂಚಿದ ಟೈಗರ್ ಹೆಲಿ ಎಂಬ ಆಟದಿಂದ ನಿಜವಾದ ಕಥೆ ಆರಂಭವಾಗುತ್ತದೆ, ಮತ್ತು ನಾನು ಹೇಳಿದ ಆ ಒಪ್ಪಂದ ಏನೆಂಬುದನ್ನು ಈ ಆಟದಲ್ಲೇ ಕಣ್ಣಾರೆ ನೋಡಬಹುದು. ಪರದೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸರಿಯುತ್ತದೆ. ನಿಮ್ಮ ಹೆಲಿಕಾಪ್ಟರ್ ಟ್ಯಾಂಕುಗಳ ಮೇಲೆ ಹಾರುತ್ತದೆ. ಅದರ ಎರಡೂ ಪಕ್ಕಗಳಲ್ಲಿ ಒಂದೊಂದು ಬಾಂಬ್ ಅಂಟಿಕೊಂಡಿರುವುದು ಕಣ್ಣಿಗೆ ಕಾಣುತ್ತದೆ. ಗುಂಡಿ ಒತ್ತಿದರೆ ಬಾಂಬ್ ಸಿಡಿದು ಸುತ್ತಲಿನ ಶತ್ರುಗಳನ್ನೂ ಅವರ ಗುಂಡುಗಳನ್ನೂ ಅಳಿಸಿಹಾಕುತ್ತದೆ. ನೀವು ಒತ್ತಲು ತಡಮಾಡಿ, ಶತ್ರುವಿನ ಗುಂಡು ಬಂದು ಆ ಬಾಂಬಿಗೇ ತಗುಲಿದರೆ ಅದು ತಾನಾಗಿಯೇ ಸಿಡಿದು ನಿಮ್ಮನ್ನು ಕಾಪಾಡುತ್ತದೆ. ಎರಡು ಸಲ ಹೀಗೆ ಕೈಹಿಡಿಯುತ್ತದೆ, ಆಮೇಲೆ ನೀವು ಒಂಟಿ.

ಸಿಕ್ಕಿಹಾಕಿಕೊಂಡಾಗ ಪಾರಾಗಲು ಒಂದು ಬಾಂಬ್ ಎಂಬ ಈ ಕಲ್ಪನೆ ಮುಂದೆ ಶೂಟಿಂಗ್ ಆಟಗಳ ಲೋಕದಲ್ಲಿ ಎಷ್ಟು ಸಹಜವಾಗಿ ಬೇರೂರಿತೆಂದರೆ, ಅದನ್ನು ಯಾರೋ ಯೋಚಿಸಿ ಇಟ್ಟಿರಬೇಕು ಎಂಬುದೇ ನಮಗೆ ಹೊಳೆಯುವುದಿಲ್ಲ. ಅದಕ್ಕೆ ಹಿಂದಿನ ಬಹಳಷ್ಟು ಆಟಗಳಲ್ಲಿ ಸಿಕ್ಕಿಬಿದ್ದರೆ ಸತ್ತಂತೆಯೇ. ಟೈಗರ್ ಹೆಲಿ ಹೊಸಬನಿಗೆ ಒಂದು ಉಸಿರು ಕೊಟ್ಟಿತು. ಆ ಉಸಿರಿನಲ್ಲಿ ಅವನು ತನ್ನ ತಪ್ಪು ಎಲ್ಲಾಯಿತೆಂದು ನೋಡಿಕೊಳ್ಳಬಹುದಾಗಿತ್ತು.

ಮುಂದಿನ ಐದು ವರ್ಷ ಈ ಸಣ್ಣ ಗುಂಪು ಬಿಡುವಿಲ್ಲದೆ ದುಡಿಯಿತು. 1986ರ ಸ್ಲ್ಯಾಪ್ ಫೈಟ್‌ನಲ್ಲಿ ವಿಮಾನಕ್ಕೆ ರೆಕ್ಕೆಗಳನ್ನು ಜೋಡಿಸಿಕೊಂಡು ಬಲ ಹೆಚ್ಚಿಸಿಕೊಳ್ಳಬಹುದು, ಆದರೆ ರೆಕ್ಕೆ ಅಗಲವಾದಷ್ಟೂ ಗುಂಡಿಗೆ ಸಿಗುವ ಮೈಯೂ ಅಗಲವಾಗುತ್ತದೆ. 1987ರಲ್ಲಿ 'ಹಾರುವ ಶಾರ್ಕ್' ಎಂಬ ಅರ್ಥದ ಹಿಶೋಝಾಮೆ ಬಂತು. ಹೊರದೇಶಗಳಲ್ಲಿ ಅದು ಫ್ಲೈಯಿಂಗ್ ಶಾರ್ಕ್ ಎಂದು ಹೆಸರಾಯಿತು. ಅದೇ ವರ್ಷದ ಕ್ಯೂಕ್ಯೊಕು ಟೈಗರ್, ಅಂದರೆ ಹೊರಗಿನವರ ಬಾಯಲ್ಲಿ ಟ್ವಿನ್ ಕೋಬ್ರಾ, ಟೈಗರ್ ಹೆಲಿಯ ಮುಂದುವರಿಕೆ. ಅದರಲ್ಲಿ ಬಣ್ಣ ಬದಲಾಯಿಸುತ್ತ ಪರದೆಯ ಮೇಲೆ ತೇಲುವ ಅಸ್ತ್ರದ ಗುರುತನ್ನು ಯಾವ ಬಣ್ಣದಲ್ಲಿರುವಾಗ ಹಿಡಿಯಬೇಕೆಂಬುದೇ ಒಂದು ಲೆಕ್ಕ: ನೀಲಿ ಅಗಲವಾಗಿ ಹರಡುತ್ತದೆ, ಹಸಿರು ನೇರವಾಗಿ ಬಲವಾಗಿ ಹೊಡೆಯುತ್ತದೆ, ಹಳದಿ ನಾಲ್ಕು ದಿಕ್ಕಿಗೂ ಹಾರುತ್ತದೆ. ದಾರಿಯ ನಡುವೆ ತಪ್ಪು ಬಣ್ಣ ಹಿಡಿದವನು ಹಂತದ ಕೊನೆಗೆ ಬರುವ ದೊಡ್ಡ ಶತ್ರುವಾದ ಬಾಸ್ ಮುಂದೆ ಅಸಹಾಯಕನಾಗಿ ನಿಲ್ಲುತ್ತಾನೆ, ಮತ್ತು ಹಿಡಿದದ್ದು ತಾನೇ ಎಂಬುದು ಅವನಿಗೆ ಗೊತ್ತಿರುತ್ತದೆ.

1988ರ ತತ್ಸುಜಿನ್ ನನಗೆ ಇವೆಲ್ಲದರಲ್ಲಿ ಅತಿ ಪ್ರಿಯವಾದದ್ದು. ಆ ಪದಕ್ಕೆ ಜಪಾನಿ ಭಾಷೆಯಲ್ಲಿ 'ಪಳಗಿದವನು', 'ತನ್ನ ವಿದ್ಯೆಯಲ್ಲಿ ಸಿದ್ಧಿ ಪಡೆದವನು' ಎಂಬ ಅರ್ಥವಿದೆ. ಹೊರದೇಶಗಳಲ್ಲಿ ಟ್ರಕ್ಸ್‌ಟನ್ ಎಂದು ಹೆಸರಿಟ್ಟರು. ಯುಗೆ ಅವರೇ ಇದರ ಸಂಗೀತ ಮಾಡಿದ್ದಾರೆ. ಬಾಂಬ್ ಹಾಕಿದರೆ ಇಡೀ ಪರದೆಯನ್ನು ತುಂಬುವಷ್ಟು ದೊಡ್ಡ ತಲೆಬುರುಡೆಯೊಂದು ಅರಳಿ ನಿಲ್ಲುತ್ತದೆ, ಆ ಕೆಲವು ಕ್ಷಣ ಶತ್ರುಗಳ ಗುಂಡುಗಳೆಲ್ಲ ಅದರ ಹಿಂದೆ ಕರಗಿಹೋಗುತ್ತವೆ. ನೀಲಿ ಅಸ್ತ್ರ ಸಿಕ್ಕಿದರಂತೂ ಸಿಡಿಲಿನ ಎಳೆಗಳು ತಾವೇ ಶತ್ರುವನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತವೆ. ನೋಡುವುದಕ್ಕೆ ಇಷ್ಟು ಬಲ ಕೊಟ್ಟಂತೆ ಕಂಡರೂ ಆಟ ಸುಲಭವಲ್ಲ. ಸತ್ತರೆ ದಾರಿಯಲ್ಲಿ ಹಿಂದೆ ದಾಟಿದ ಒಂದು ನಿಗದಿತ ಜಾಗಕ್ಕೆ, ಗಳಿಸಿದ ಅಸ್ತ್ರವನ್ನೆಲ್ಲ ಕಳೆದುಕೊಂಡು, ಬರಿಗೈಯಲ್ಲಿ ಮರಳಬೇಕು. ಅದೇ ಶತ್ರುಗಳು ಅದೇ ಕ್ರಮದಲ್ಲಿ ಮತ್ತೆ ಬರುತ್ತಾರೆ. ಹತ್ತು ಸಲ ಅಲ್ಲೇ ಸತ್ತವನು ಹನ್ನೊಂದನೆಯ ಸಲ ಎಡಗಡೆಯಿಂದ ಎರಡನೆಯ ವಿಮಾನ ಬರುವ ಮೊದಲೇ ಅಲ್ಲಿ ಕಾದಿರುತ್ತಾನೆ. ಪಳಗುವುದೆಂದರೆ ಇದೇ ತಾನೆ.

ಈ ಆಟಗಳಲ್ಲಿ ಕೊನೆಯೆಂಬುದು ಇರುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಕೊನೆಯ ಹಂತ ಮುಗಿದರೆ ಆಟ ಹೆಚ್ಚು ಕಠಿಣವಾಗಿ ಮತ್ತೆ ಸುತ್ತು ಹೊಡೆಯುತ್ತದೆ. ನಿಜವಾಗಿ ಪಳಗಿದವನು ಒಂದೇ ನಾಣ್ಯದಲ್ಲಿ ಬಹಳ ಹೊತ್ತು ಯಂತ್ರದ ಮುಂದೆ ಕೂರಬಲ್ಲವನಾಗಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಉತ್ತರದ ತಿರುಳು ಇಲ್ಲೇ ಇದೆ.

1989ರ ಝೀರೋ ವಿಂಗ್ ಬಗ್ಗೆ ಪ್ರಶ್ನೆ ಬರುವುದು ಇನ್ನೊಂದು ಕಾರಣಕ್ಕೆ. ಉಏಮುರಾ ಅವರ ಮುದ್ರೆ ಇರುವ, ಶತ್ರು ವಿಮಾನವನ್ನು ಸೆಳೆದು ಹಿಡಿದು ಗುರಾಣಿಯಾಗಿ ಬಳಸಬಹುದಾದ ಈ ಆಟವನ್ನು ಅವರು ಮೆಗಾ ಡ್ರೈವ್ ಕನ್ಸೋಲ್‌ಗೆ ತಂದಾಗ ಕಥೆ ಹೇಳುವ ಒಂದು ಆರಂಭದ ದೃಶ್ಯ ಸೇರಿಸಿದರು. ಅದರ ಯುರೋಪ್ ಆವೃತ್ತಿಯ ಇಂಗ್ಲಿಷ್ ಅನುವಾದ ಹದಗೆಟ್ಟಿತ್ತು. 'ಒಕ್ಕೂಟ ಸರ್ಕಾರದ ಸೇನೆಯ ಸಹಕಾರದಿಂದ ನಿಮ್ಮ ನೆಲೆಗಳನ್ನೆಲ್ಲ ಕ್ಯಾಟ್ಸ್ ವಶಪಡಿಸಿಕೊಂಡಿದೆ' ಎಂಬ ಅರ್ಥದ ಮಾತು 'ಆಲ್ ಯುವರ್ ಬೇಸ್ ಆರ್ ಬಿಲಾಂಗ್ ಟು ಅಸ್' ಎಂದಾಗಿ, 2001ರ ಹೊತ್ತಿಗೆ ಇಂಟರ್ನೆಟ್ಟಿನ ಉದ್ದಗಲಕ್ಕೂ ಹರಡಿತು. ಆ ಒಂದು ಸಾಲನ್ನು ಬಲ್ಲವರಲ್ಲಿ ಬಹುತೇಕರು ಝೀರೋ ವಿಂಗ್ ಆಡಿಲ್ಲ. ಮೂಲದ ಜಪಾನಿ ಸಾಲಿನಲ್ಲಿ ಒಂದು ದ್ರೋಹದ ಸುಳಿವಿದೆ, ಸ್ವಂತ ಸರ್ಕಾರದ ಸೇನೆಯೇ ಶತ್ರುವಿನ ಜೊತೆ ಕೈಜೋಡಿಸಿದೆ ಎಂಬ ಸುಳಿವು. ಅನುವಾದದಲ್ಲಿ ಅದು ಪೂರ್ತಿ ಬಿದ್ದುಹೋಗಿದೆ ಎಂಬುದು ನನಗೆ ಬೇಸರದ ಸಂಗತಿ.

ಇನ್ನು 1990ರ ಸ್ನೋ ಬ್ರದರ್ಸ್‌ಗೆ ಬರೋಣ. ಶೂಟಿಂಗ್ ಆಟಗಳ ಕಂಪನಿ ಇಂಥದ್ದನ್ನು ಹೇಗೆ ಮಾಡಿತು ಎಂದು ಆಶ್ಚರ್ಯಪಡುವವರಿದ್ದಾರೆ. ಹತ್ತಿರದಿಂದ ನೋಡಿದರೆ ಅದೇ ಮನಸ್ಸು ಇಲ್ಲೂ ಕೆಲಸ ಮಾಡಿರುವುದು ಕಾಣುತ್ತದೆ. ಒಂದು ಪರದೆ, ಅದರಲ್ಲಿ ಅಡ್ಡಡ್ಡ ಅಟ್ಟಣಿಗೆಗಳು, ಅಲ್ಲಲ್ಲಿ ಓಡಾಡುವ ಶತ್ರುಗಳು. ಹಿಮ ಎರಚಿದಂತೆ ಶತ್ರು ಬೆಳ್ಳಗಾಗುತ್ತ ಹೋಗುತ್ತಾನೆ. ಅರ್ಧಕ್ಕೆ ಬಿಟ್ಟರೆ ಮೈ ಕೊಡವಿಕೊಂಡು ಎದ್ದುಬರುತ್ತಾನೆ. ಪೂರ್ತಿ ಮುಚ್ಚಿದರೆ ಉಂಡೆಯಾಗುತ್ತಾನೆ. ಆ ಉಂಡೆಯನ್ನು ತಳ್ಳಿದರೆ ಅದು ಅಟ್ಟಣಿಗೆಯಿಂದ ಅಟ್ಟಣಿಗೆಗೆ ಬೀಳುತ್ತ, ಗೋಡೆಗೆ ಬಡಿದು ಹಿಂದಿರುಗುತ್ತ, ಸಿಕ್ಕಿದವರನ್ನೆಲ್ಲ ಹೊಡೆದುಕೊಂಡು ಹೋಗುತ್ತದೆ. ಅವಸರದವನು ಒಂದೊಂದೇ ಉಂಡೆ ಮಾಡಿ ಒಂದೊಂದೇ ಶತ್ರುವನ್ನು ಮುಗಿಸುತ್ತಾನೆ. ಕಲಿತವನು ಅತಿ ಮೇಲಿನ ಅಟ್ಟಣಿಗೆಗೆ ಹತ್ತಿ, ಅಲ್ಲೊಂದು ಉಂಡೆ ಮಾಡಿಟ್ಟುಕೊಂಡು, ಕೆಳಗಿನವರೆಲ್ಲ ಅದರ ದಾರಿಗೆ ಬರುವ ತನಕ ಕಾಯುತ್ತಾನೆ. ಒಂದೇ ಉಂಡೆಯಲ್ಲಿ ಪರದೆ ಖಾಲಿಯಾದರೆ ಮೇಲಿನಿಂದ ನೋಟುಗಳು ಉದುರುತ್ತವೆ. ಹಾಗೆಂದು ಬಹಳ ಹೊತ್ತು ಕಾಯುವಂತೆಯೂ ಇಲ್ಲ. ತಡಮಾಡಿದರೆ ಕೊಲ್ಲಲಾಗದ ಆ ಕುಂಬಳಕಾಯಿ ತಲೆಯವನು ಇಳಿದು ಬರುತ್ತಾನೆ. ಹೀಗೆ 50 ಮಹಡಿಗಳು, ಹತ್ತತ್ತು ಮಹಡಿಗೊಬ್ಬ ಬಾಸ್.

ನಾನು ಹುಡುಗನಾಗಿದ್ದಾಗ ನಮ್ಮೂರಿನ ಅಂಗಡಿಯಲ್ಲಿ ಈ ಆಟದ ಮುಂದೆ ನಿಂತು ನೋಡಿದ ಒಂದು ದೃಶ್ಯ ಇನ್ನೂ ಕಣ್ಣಿನಲ್ಲಿದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಹುಡುಗ ಒಂದು ರೂಪಾಯಿ ಹಾಕಿ ಮೂವತ್ತನೆಯ ಮಹಡಿ ದಾಟಿದ್ದ. ಹಿಂದೆ ಹತ್ತು ಹನ್ನೆರಡು ಹುಡುಗರು ನಿಂತಿದ್ದೆವು, ಯಾರ ಕೈಯಲ್ಲಿದ್ದ ನಾಣ್ಯವೂ ಕದಲಿರಲಿಲ್ಲ. ಅಂಗಡಿಯ ಯಜಮಾನರು ಎರಡು ಸಲ ಬಂದು ಇಣುಕಿ ನೋಡಿ ಹೋದರು. ಅವರ ಮುಖದ ಮೇಲಿದ್ದದ್ದು ಮೆಚ್ಚುಗೆಯೋ ಚಿಂತೆಯೋ ಆಗ ತಿಳಿಯಲಿಲ್ಲ. ಎರಡೂ ಇತ್ತೆಂದು ಈಗ ತಿಳಿಯುತ್ತದೆ. ಟೋಆಪ್ಲಾನ್ ಎದುರಿಸಿದ ಬಿಕ್ಕಟ್ಟು ಆ ಯಜಮಾನರ ಮುಖದಲ್ಲಿತ್ತು.

ಆ ಕಾಲದ ಆರ್ಕೇಡ್ ವ್ಯಾಪಾರ ನಡೆಯುತ್ತಿದ್ದದ್ದು ಹೀಗೆ. ಆಟ ಮಾಡುವ ಕಂಪನಿ ಒಂದು ಸರ್ಕ್ಯೂಟ್ ಬೋರ್ಡ್ ಮಾರುತ್ತದೆ. 1985ರಿಂದ ಜಮ್ಮಾ ಎಂಬ ಸಾಮಾನ್ಯ ಜೋಡಣೆಯ ಮಾದರಿ ಬಂದಿದ್ದರಿಂದ ಅಂಗಡಿಯವನು ಅದೇ ಪೆಟ್ಟಿಗೆಯಲ್ಲಿ ಹಳೆಯ ಬೋರ್ಡ್ ಕಿತ್ತು ಹೊಸದನ್ನು ಸಿಕ್ಕಿಸಬಹುದು. ಬೀಳುವ ನಾಣ್ಯ ಅಂಗಡಿಯವನದು; ಕಂಪನಿಗೆ ಸಿಗುವುದು ಬೋರ್ಡ್ ಮಾರಿದಾಗಿನ ಹಣ ಮಾತ್ರ. ಆದ್ದರಿಂದ ಯಾವ ಆಟ ಒಂದು ಗಂಟೆಯಲ್ಲಿ ಹೆಚ್ಚು ನಾಣ್ಯ ಬೀಳಿಸುತ್ತದೋ ಅದರ ಬೋರ್ಡ್‌ಗೆ ಬೇಡಿಕೆ. ಇನ್ನು ಸ್ನೋ ಬ್ರದರ್ಸ್‌ನಂಥ ಆಟದ ನಕಲಿ ಬೋರ್ಡ್‌ಗಳು ದೇಶ ದೇಶಗಳಲ್ಲಿ ಓಡಾಡಿದವು, ಅವುಗಳಿಂದ ಮಾಡಿದವರಿಗೆ ಬಿಡಿಗಾಸೂ ಬರಲಿಲ್ಲ. 2002ರಲ್ಲಿ ಸ್ನೋ ಬ್ರದರ್ಸ್ 3 ಎಂಬ ಹೆಸರಿನ ಆಟವೊಂದು ಕೊರಿಯಾದಿಂದ ಬಂತು. ಅದನ್ನು ಆಡಿ ಅದೂ ಇವರದೇ ಎಂದು ನಂಬಿದವರು ನನಗೆ ಹಲವರು ಸಿಕ್ಕಿದ್ದಾರೆ. ಅದು ಮೂಲ ಆಟವನ್ನೇ ತಿದ್ದಿ ಮಾಡಿದ ಅನಧಿಕೃತ ಆಟ, ಮತ್ತು ಆ ಹೊತ್ತಿಗೆ ಟೋಆಪ್ಲಾನ್ ಮುಚ್ಚಿ ಎಂಟು ವರ್ಷವಾಗಿತ್ತು.

ಶೂಟಿಂಗ್ ಆಟಕ್ಕೆ ಈ ವ್ಯಾಪಾರದಲ್ಲಿ ಒಂದು ಹುಟ್ಟು ತೊಡಕಿದೆ. ಆಟ ನ್ಯಾಯವಾಗಿದ್ದರೆ, ಅಂದರೆ ಕಲಿತವನಿಗೆ ಫಲ ಕೊಡುವಂತಿದ್ದರೆ, ಕೆಲವೇ ವಾರಗಳಲ್ಲಿ ಊರಿನ ಜಾಣರು ಅದನ್ನು ಕಲಿತುಬಿಡುತ್ತಾರೆ. ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಅದನ್ನು ತಡೆಯಲು ಮುಂದಿನ ಆಟವನ್ನು ಇನ್ನಷ್ಟು ಕಠಿಣ ಮಾಡಬೇಕಾಗುತ್ತದೆ. ಹಾಗೆ ಮಾಡಿದರೆ ಜಾಣರು ಖುಷಿಪಡುತ್ತಾರೆ, ಹೊಸಬರು ಮೊದಲ ನಿಮಿಷದಲ್ಲೇ ಸತ್ತು ಮತ್ತೆ ಆ ಯಂತ್ರದ ಹತ್ತಿರ ಸುಳಿಯುವುದಿಲ್ಲ. ಒಂದೊಂದು ವರ್ಷಕ್ಕೂ ಆಡುವವರ ವರ್ತುಲ ಚಿಕ್ಕದಾಗುತ್ತ, ಅವರ ಕೈಚಳಕ ಮಾತ್ರ ಹೆಚ್ಚುತ್ತ ಹೋಗುತ್ತದೆ. 1992ರಲ್ಲಿ ಬಂದ ತತ್ಸುಜಿನ್ ಓ, ಅಂದರೆ ಟ್ರಕ್ಸ್‌ಟನ್ 2, ಈ ಹಾದಿಯ ತುತ್ತತುದಿ. ಸಂಗೀತ ಅಪೂರ್ವ, ಚಿತ್ರಗಳು ಅಪೂರ್ವ, ಕಷ್ಟ ಮಾತ್ರ ಸಾಮಾನ್ಯ ಮನುಷ್ಯನ ಅಳವಿಗೆ ಮೀರಿದ್ದು. ಟೈಗರ್ ಹೆಲಿಯಲ್ಲಿ ಹೊಸಬನ ಕೈಹಿಡಿದವರೇ ಏಳು ವರ್ಷಗಳ ನಂತರ ಹೊಸಬನಿಗೆ ಬಾಗಿಲು ಮುಚ್ಚುವಂಥ ಆಟ ಮಾಡಬೇಕಾಗಿ ಬಂದದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇಷ್ಟರಲ್ಲಿ, 1991ರಲ್ಲಿ, ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2 ಬಂತು. ಅದರಲ್ಲಿ ಆಡುವವನ ಎದುರಾಳಿ ಯಂತ್ರವಾಗಿರಬೇಕಿಲ್ಲ, ಪಕ್ಕದಲ್ಲಿ ನಿಂತ ಇನ್ನೊಬ್ಬ ಮನುಷ್ಯ. ಇಬ್ಬರೂ ನಾಣ್ಯ ಹಾಕುತ್ತಾರೆ, ಕೆಲವೇ ನಿಮಿಷಗಳಲ್ಲಿ ಒಬ್ಬ ಸೋಲುತ್ತಾನೆ, ಸೋತವನು ಮತ್ತೆ ನಾಣ್ಯ ಹಾಕುತ್ತಾನೆ. ಜಪಾನಿನ ಆರ್ಕೇಡ್‌ಗಳಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟರು. ಎದುರಾಳಿಯ ಮುಖ ನೋಡದೆ, ಅಪರಿಚಿತನ ಜೊತೆಗೂ ಸಂಕೋಚವಿಲ್ಲದೆ ಸೆಣಸಬಹುದಾಯಿತು. ಪಳಗಿದವನು ಹೆಚ್ಚು ಹೊತ್ತು ಯಂತ್ರದ ಮುಂದೆ ಇದ್ದರೆ ಅಂಗಡಿಯವನಿಗೆ ಈಗ ಲಾಭವೇ, ಏಕೆಂದರೆ ಅವನನ್ನು ಸೋಲಿಸಲು ಸಾಲುಗಟ್ಟಿ ನಿಂತವರ ನಾಣ್ಯ ಒಂದರ ಹಿಂದೊಂದು ಬೀಳುತ್ತಿತ್ತು. ಶೂಟಿಂಗ್ ಆಟದಲ್ಲಿ ಯಾವುದು ತೊಡಕಾಗಿತ್ತೋ ಅದನ್ನು ಹೊಡೆದಾಟದ ಆಟ ಆದಾಯವಾಗಿ ಮಾರ್ಪಡಿಸಿತು. ಒಂದೆರಡು ವರ್ಷಗಳಲ್ಲಿ ಅಂಗಡಿಗಳ ಜಾಗವೆಲ್ಲ ಅವುಗಳ ಪಾಲಾಯಿತು.

ಟೋಆಪ್ಲಾನ್ ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ಟೆಕಿ ಪಾಕಿ ಎಂಬ ಒಗಟಿನ ಆಟ, ಪಿಪಿ ಅಂಡ್ ಬಿಬೀಸ್ ಎಂಬ ಇನ್ನೊಂದು ಆಟ, 1993ರಲ್ಲಿ ನಕಲ್ ಬ್ಯಾಶ್ ಎಂಬ ಹೊಡೆದಾಟದ ಆಟ, ಹೀಗೆ ಹಲವನ್ನು ಪ್ರಯತ್ನಿಸಿತು. ಅವು ಬೇರೆಯವರ ದಾರಿಯಲ್ಲಿ ನಡೆದ ಆಟಗಳು, ಮತ್ತು ಆ ದಾರಿಯಲ್ಲಿ ಅವರಿಗಿಂತ ದೊಡ್ಡವರು ಆಗಲೇ ಮುಂದೆ ಹೋಗಿದ್ದರು.

ಆದರೆ ಅದೇ 1993ರಲ್ಲಿ ಅವರ ಕೊನೆಯ ಶೂಟಿಂಗ್ ಆಟ ಬಾತ್ಸುಗುನ್ ಹೊರಬಂತು. 'ಎದ್ದು ಕಾಣುವಂಥದ್ದು', 'ಸರಿಸಾಟಿ ಇಲ್ಲದ್ದು' ಎಂಬ ಅರ್ಥದ ಪದ. ತಮಗಾಗಿ ಮಾಡಿಸಿಕೊಂಡಿದ್ದ ಜಿಪಿ9001 ಎಂಬ ಚಿತ್ರ ಚಿಪ್‌ಗಳನ್ನು ಎರಡೆರಡು ಹಾಕಿ ಕಟ್ಟಿದ ಬೋರ್ಡ್ ಅದು, ಪರದೆಯ ಮೇಲೆ ಅಷ್ಟು ಸಾಮಗ್ರಿ ಏಕಕಾಲಕ್ಕೆ ಬೇಕಿತ್ತು. ಶತ್ರುಗಳನ್ನು ಹೊಡೆದಷ್ಟೂ ಅನುಭವ ಕೂಡಿ ನಿಮ್ಮ ಅಸ್ತ್ರ ತಾನಾಗಿ ಬಲಗೊಳ್ಳುತ್ತದೆ. ಶತ್ರುಗಳ ಗುಂಡುಗಳು ಹಿಂದೆಂದೂ ಕಾಣದಷ್ಟು ದಟ್ಟವಾಗಿ ಬರುತ್ತವೆ, ಆದರೆ ಅವುಗಳ ಗತಿ ನಿಧಾನ, ಮತ್ತು ನಿಮ್ಮ ವಿಮಾನದಲ್ಲಿ ಗುಂಡು ತಗುಲಿದರೆ ಸಾಯುವ ಭಾಗ ಕಣ್ಣಿಗೆ ಕಾಣುವ ವಿಮಾನಕ್ಕಿಂತ ಬಹಳ ಚಿಕ್ಕದು. ಹೀಗಾಗಿ ಸಾಧ್ಯವೇ ಇಲ್ಲವೆಂದು ತೋರುವ ಗುಂಡಿನ ಮಳೆಯ ನಡುವೆ ನುಸುಳಿಕೊಂಡು ಬದುಕಬಹುದು; ನೋಡುವವನಿಗೆ ಅದು ಪವಾಡದಂತೆ ಕಾಣುತ್ತದೆ, ಆಡುವವನಿಗೆ ತಾನು ಅಂದುಕೊಂಡದ್ದಕ್ಕಿಂತ ಜಾಣನೆಂಬ ಸಂತೋಷ ಸಿಗುತ್ತದೆ. ಹೊಸಬನನ್ನು ಹೊರಗಟ್ಟದೆ ಆಟವನ್ನು ರೋಮಾಂಚಕಾರಿಯಾಗಿ ಮಾಡುವುದು ಹೇಗೆ ಎಂಬ ಆ ಹಳೆಯ ಪ್ರಶ್ನೆಗೆ, ನನ್ನ ದೃಷ್ಟಿಯಲ್ಲಿ, ಬಾತ್ಸುಗುನ್ ಟೈಗರ್ ಹೆಲಿಯ ಬಾಂಬ್‌ನಷ್ಟೇ ಚೆಲುವಾದ ಉತ್ತರ. ಈ ಬಗೆಯ ಆಟಗಳಿಗೆ ಜಪಾನಿನಲ್ಲಿ ಆಮೇಲೆ 'ದನ್ಮಾಕು', ಅಂದರೆ ಗುಂಡುಗಳ ಪರದೆ, ಎಂಬ ಹೆಸರು ನಿಂತಿತು, ಮತ್ತು ಅವುಗಳ ಮೂಲವನ್ನು ಹುಡುಕುವವರು ಬಾತ್ಸುಗುನ್ ಹತ್ತಿರ ಬಂದು ನಿಲ್ಲುತ್ತಾರೆ.

ಉತ್ತರ ಸಿಕ್ಕಿತು, ಸಮಯ ಸಿಗಲಿಲ್ಲ. 1994ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿಯಾಯಿತು. ಸ್ನೋ ಬ್ರದರ್ಸ್ 2 ಅದೇ ವರ್ಷ, ಕೊನೆಯ ಆಟವಾಗಿ ಹೊರಬಂತು. ಬಾತ್ಸುಗುನ್‌ನ ಸಾಯುವ ಭಾಗವನ್ನು ಇನ್ನೂ ಕಿರಿದು ಮಾಡಿ ತಿದ್ದಿದ ವಿಶೇಷ ಆವೃತ್ತಿಯೊಂದನ್ನು ಅವರು ಸಿದ್ಧಪಡಿಸಿದ್ದರು. ಹೆಚ್ಚಿನ ಜನ ಅದನ್ನು ಮೊದಲ ಬಾರಿಗೆ ಆಡಿದ್ದು 1996ರಲ್ಲಿ ಸೆಗಾ ಸ್ಯಾಟರ್ನ್ ಕನ್ಸೋಲ್‌ನಲ್ಲಿ, ಮಾಡಿದ ಕಂಪನಿ ಇಲ್ಲವಾದ ಎರಡು ವರ್ಷಗಳ ಮೇಲೆ.

ಅಲ್ಲಿ ದುಡಿದವರು ಎಲ್ಲಿಗೆ ಹೋದರು ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಅವರು ಆಟ ಮಾಡುವುದನ್ನು ಬಿಡಲಿಲ್ಲ. 1994ರ ಜೂನ್‌ನಲ್ಲೇ ಕೇವ್ ಎಂಬ ಕಂಪನಿ ಹುಟ್ಟಿತು. ಟೋಆಪ್ಲಾನ್‌ನಲ್ಲಿದ್ದ ತ್ಸುನೆಕಿ ಇಕೆದಾ ಅಲ್ಲಿ 1995ರಲ್ಲಿ ಡೊನ್‌ಪಾಚಿ, 1997ರಲ್ಲಿ ದೊಡೊನ್‌ಪಾಚಿ ಆಟಗಳ ಮೂಲಕ ಬಾತ್ಸುಗುನ್‌ನ ಬೀಜವನ್ನು ಮರವಾಗಿ ಬೆಳೆಸಿದರು. ಬಾತ್ಸುಗುನ್‌ನ ಚಿತ್ರಗಳನ್ನು ಬಿಡಿಸಿದ ಜುನ್ಯಾ ಇನೊಉಏ ಕೂಡ ಕೇವ್ ಸೇರಿದರು. ತಕುಮಿ ಎಂಬ ಇನ್ನೊಂದು ಕಂಪನಿ 1995ರಲ್ಲಿ ಕ್ಯೂಕ್ಯೊಕು ಟೈಗರ್ 2 ಮಾಡಿತು, 1999ರಲ್ಲಿ ಗಿಗಾ ವಿಂಗ್ ಮಾಡಿತು. ಗೆಝೆಲ್ ಎಂಬ ಮೂರನೆಯದು ಕೆಲವೇ ಆಟಗಳಲ್ಲಿ ಮುಗಿಯಿತು. ರೈಝಿಂಗ್ ಕಂಪನಿಯ ಆರಂಭದ ಆಟಗಳು ಟೋಆಪ್ಲಾನ್‌ನ ಅದೇ ಜಿಪಿ9001 ಚಿಪ್ ಇರುವ ಬೋರ್ಡ್‌ಗಳ ಮೇಲೆ ಓಡಿದವು, ಹಾಗಾಗಿ 1996ರ ಬ್ಯಾಟಲ್ ಗರೆಗ್ಗಾ ಆಡುವಾಗ ಒಂದು ಅರ್ಥದಲ್ಲಿ ಟೋಆಪ್ಲಾನ್ ಯಂತ್ರದ ಉಸಿರೇ ಕೇಳಿಸುತ್ತದೆ. ದಿವಾಳಿಯಾದ ಒಂದು ಮನೆಯಿಂದ ಇಷ್ಟು ಮನೆಗಳು ಎದ್ದದ್ದು ಈ ಉದ್ಯಮದಲ್ಲಿ ಅಪರೂಪ, ಮತ್ತು ಓರ್ಕಾ ಮುಳುಗಿ ಕ್ರಕ್ಸ್, ಕ್ರಕ್ಸ್ ಮುಳುಗಿ ಟೋಆಪ್ಲಾನ್ ಎದ್ದ ರೀತಿಯೇ ಮತ್ತೊಮ್ಮೆ ನಡೆಯಿತು.

ಆಟಗಳ ಹಕ್ಕು ಮಾತ್ರ ಬಹಳ ಕಾಲ ಆಡುವವರ ಕೈಗೆಟುಕದಂತೆ ಇತ್ತು. 2017ರಲ್ಲಿ ಮಸಾಹಿರೊ ಯುಗೆ ಒಂದು ಹೊಸ ಕಂಪನಿ ಕಟ್ಟಿ, ತಾವೇ ಮಾಡಿದ್ದ ಆ ಹಳೆಯ ಆಟಗಳ ಹಕ್ಕನ್ನು ಅದರಡಿ ತಂದರು. 2021ರಿಂದ ಎಂ2 ಎಂಬ ಜಪಾನಿ ಕಂಪನಿ ಅವುಗಳನ್ನು ಒಂದೊಂದಾಗಿ, ಮೂಲ ಬೋರ್ಡ್‌ನ ನಡವಳಿಕೆಯನ್ನು ಅಕ್ಷರಶಃ ಉಳಿಸಿಕೊಂಡು, ಈಗಿನ ಕನ್ಸೋಲ್‌ಗಳಿಗೆ ತರುತ್ತಿದೆ. ಸ್ನೋ ಬ್ರದರ್ಸ್ ಕೂಡ 2022ರಲ್ಲಿ ಹೊಸ ಚಿತ್ರಗಳೊಂದಿಗೆ ನಿಂಟೆಂಡೊ ಸ್ವಿಚ್‌ಗೆ ಬಂತು. ಅದೇ ವರ್ಷ ಯುಗೆ ಅವರ ಕಂಪನಿಯನ್ನು ಸ್ವೀಡನ್ನಿನ ಎಂಬ್ರೇಸರ್ ಗ್ರೂಪ್ ಕೊಂಡುಕೊಂಡಿತು. ಆ ಕಂಪನಿ ಕಟ್ಟುವಾಗ ಯುಗೆ ಅದಕ್ಕೆ ಟೋಆಪ್ಲಾನ್ ಎಂದು ಹೆಸರಿಡಲಿಲ್ಲ. ತಲೆಬುರುಡೆಯ ಬಾಂಬ್ ಇದ್ದ, ಹತ್ತು ಸಲ ಸತ್ತು ಹನ್ನೊಂದನೆಯ ಸಲ ದಾಟಬೇಕಾಗಿದ್ದ ತಮ್ಮ ಆಟದ ಹೆಸರನ್ನೇ ಇಟ್ಟರು: ತತ್ಸುಜಿನ್.